ಹೆಪ್ಪನ್ನು ಕಾಯುವ ಮದ್ದು

ಹೊಟ್ಟೆ ಕರಗಿಸಿಕೊಳ್ಳಲು ಹೊಟ್ಟೆಯನ್ನೇ ಕೊಯ್ಯಿಸಿಕೊಳ್ಳುವುದುಂಟೆ ಎಂದು ಹಿರಿಯರು ನಗುತ್ತಿದ್ದ ಕಾಲವೊಂದಿತ್ತು. ಈಗ ಆ ನಗೆ ಅಡಗಿದೆ. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಕಡೆಯ ಮನೆಗಳಿರಲಿ, ಮಡಿಕೇರಿ ವಿರಾಜಪೇಟೆಗಳ ಮನೆಗಳಿರಲಿ, ಮದುವೆಯ ಪಂಕ್ತಿಯಲ್ಲಿ ಕುಳಿತಾಗ "ನಮ್ಮ ಅತ್ತಿಗೆಗೆ ಮೈಸೂರಿನಲ್ಲಿ ತೂಕದ ಆಪರೇಷನ್ ಆಯಿತು" ಎಂಬ ಮಾತು ಕೇಳಿಬರುವುದು ಇಂದು ಅಪರೂಪವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು ಅಥವಾ ಸ್ಥೂಲಕಾಯರು. ಅವರಲ್ಲಿ ಶಸ್ತ್ರಚಿಕಿತ್ಸೆಯವರೆಗೆ ಹೋಗುವವರು ಕೆಲವರೇ. ಆದರೆ ಆ ಕೆಲವರಲ್ಲಿ ನಮ್ಮವರೂ ಇದ್ದಾರೆ.

ಈ ಶಸ್ತ್ರಚಿಕಿತ್ಸೆ ಬೇಕೆ, ಬೇಡವೆ ಎಂಬ ಚರ್ಚೆಗೆ ನಾವು ಇಂದು ಕೈಹಾಕುವುದಿಲ್ಲ. ಅದು ರೋಗಿ ಮತ್ತು ವೈದ್ಯರ ನಡುವೆ ತೀರ್ಮಾನವಾಗತಕ್ಕ ವಿಷಯ. ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವ ಬಾಧೆ, ಸವೆದ ಮೊಣಕಾಲು ಇವುಗಳಿಂದ ಬಳಲಿ ಬೇರೆಲ್ಲ ಉಪಾಯಗಳನ್ನು ಮಾಡಿ ಸೋತವರಿಗೆ ಇದು ನಿಜವಾದ ಉಪಕಾರ ಮಾಡಿದೆ ಎಂಬುದರಲ್ಲಿ ಸಂದೇಹವಿಲ್ಲ. ನಮ್ಮ ಇಂದಿನ ವಿಷಯ ಬೇರೆ. ಶಸ್ತ್ರಚಿಕಿತ್ಸೆಗೆ ಹೊರಟ ಕುಟುಂಬದವರು ವೈದ್ಯರನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಖರ್ಚೆಷ್ಟು, ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು, ಆಮೇಲೆ ಊಟವೇನು. ರಕ್ತಸ್ರಾವವಾದರೆ ಏನು ಮಾಡುತ್ತೀರಿ, ಅದಕ್ಕೆ ಔಷಧವುಂಟೆ, ಆ ಔಷಧ ನಮ್ಮ ರೋಗಿಗೆ ಹೊಂದುತ್ತದೆಯೆ ಎಂದು ಕೇಳುವವರು ವಿರಳ. ಅಪಶಕುನದ ಮಾತೇಕೆ ಎಂಬ ಅಳುಕು ಇದಕ್ಕೆ ಕಾರಣವಿರಬಹುದು. ಆದರೆ ಕೊಡಗಿನಂತಹ ಗುಡ್ಡಗಾಡಿನಲ್ಲಿ ಮನೆಯಿರುವವರು ಈ ಪ್ರಶ್ನೆಯನ್ನು ಕೇಳದೆ ಬಿಡುವುದು ತರವಲ್ಲ.

ಮೊದಲು ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ನೋಡೋಣ. ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಸ್ಲೀವ್ ಎಂದರೆ ಅಂಗಿಯ ತೋಳು. ಜಠರದ ಉಬ್ಬಿದ ಹೊರಬದಿಯ ಮುಕ್ಕಾಲು ಭಾಗವನ್ನು, ಕೆಲವೊಮ್ಮೆ ಅದಕ್ಕಿಂತಲೂ ತುಸು ಹೆಚ್ಚನ್ನು, ಕತ್ತರಿಸಿ ತೆಗೆದು, ಉಳಿದುದನ್ನು ತೋಳಿನಂತಹ ಕಿರಿದಾದ ಕೊಳವೆಯಾಗಿ ಮಾಡಲಾಗುತ್ತದೆ. ಇದೆಲ್ಲವೂ ಹೊಟ್ಟೆಯ ಮೇಲೆ ಮಾಡಿದ ನಾಲ್ಕೈದು ಸಣ್ಣ ರಂಧ್ರಗಳ ಮೂಲಕ, ಲ್ಯಾಪರೋಸ್ಕೋಪಿನ ಸಹಾಯದಿಂದ ನಡೆಯುತ್ತದೆ. ಕತ್ತರಿಸುವ ಉಪಕರಣವೇ ಕತ್ತರಿಸಿದ ಅಂಚಿನ ಎರಡೂ ಬದಿಗೆ ಸಾಲುಸಾಲಾಗಿ ಸೂಕ್ಷ್ಮವಾದ ಲೋಹದ ಕೊಂಡಿಗಳನ್ನು ಹಾಕಿ ಮುಚ್ಚುತ್ತಾ ಹೋಗುತ್ತದೆ. ಕಚೇರಿಯಲ್ಲಿ ಕಾಗದಗಳಿಗೆ ಪಿನ್ನು ಹೊಡೆಯುವ ಸ್ಟೇಪ್ಲರಿನ ಹೆಸರೇ ಅದಕ್ಕೂ ಇದೆ. ಇನ್ನೊಂದು ಬಗೆ ಬೈಪಾಸ್. ಅದರಲ್ಲಿ ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿ ಬೇರ್ಪಡಿಸಿ ಕರುಳಿಗೆ ನೇರವಾಗಿ ಜೋಡಿಸುತ್ತಾರೆ.

ಜಠರವು ರಕ್ತಸಮೃದ್ಧವಾದ ಅಂಗ. ಹೊರಬದಿಯುದ್ದಕ್ಕೂ ಗುಲ್ಮದ ಕಡೆಯಿಂದ ಬರುವ ಕಿರಿಯ ರಕ್ತನಾಳಗಳಿವೆ. ಅವುಗಳನ್ನೆಲ್ಲ ಸುಟ್ಟು ಮುಚ್ಚಿ ಬಿಡಿಸಿದ ಮೇಲೆಯೇ ಜಠರವನ್ನು ಕತ್ತರಿಸಲು ಸಾಧ್ಯ. ಹೀಗಿರುವಾಗ ಕೊಂಡಿ ಹಾಕಿದ ಉದ್ದನೆಯ ಅಂಚಿನಲ್ಲಿ ಎಲ್ಲಿಯಾದರೂ ಒಂದೆಡೆ ರಕ್ತ ಜಿನುಗುವುದು ಆಶ್ಚರ್ಯವಲ್ಲ. ಹೆಚ್ಚಿನ ವೇಳೆ ಅದು ತಾನಾಗಿಯೇ ನಿಲ್ಲುತ್ತದೆ. ಗಮನಿಸಲೇಬೇಕಾದಷ್ಟು ರಕ್ತಸ್ರಾವ ನೂರು ಮಂದಿಯಲ್ಲಿ ಸಾಮಾನ್ಯವಾಗಿ ಒಬ್ಬರಿಂದ ನಾಲ್ವರಿಗೆ ಆಗುತ್ತದೆಂದು ವೈದ್ಯಕೀಯ ವರದಿಗಳು ಹೇಳುತ್ತವೆ. ಅವುಗಳಲ್ಲಿ ಬಹುಪಾಲು ಮೊದಲ ಒಂದೆರಡು ದಿನಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ. ಸಂಖ್ಯೆ ಚಿಕ್ಕದು. ಆದರೆ ಆ ಒಬ್ಬರು ನಮ್ಮ ಮನೆಯವರಾದಾಗ ಶೇಕಡಾವಾರು ಲೆಕ್ಕ ಸಮಾಧಾನ ನೀಡದು. ರಕ್ತ ಕೊಡಬೇಕಾಗಬಹುದು, ಮತ್ತೊಮ್ಮೆ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗಬೇಕಾಗಬಹುದು, ಮೂರು ದಿನದ ವಾಸ ಹತ್ತು ದಿನವಾಗಬಹುದು.

ಇಲ್ಲಿ ಔಷಧದ ಪ್ರಸ್ತಾಪ ಬರುತ್ತದೆ. ಅದರ ಹೆಸರು ಟ್ರಾನೆಕ್ಸಾಮಿಕ್ ಆಮ್ಲ. ಹೆಸರು ಅಪರಿಚಿತವೆನಿಸಿದರೂ ವಸ್ತು ನಮ್ಮ ತಾಯಂದಿರಿಗೆ ಪರಿಚಿತವೇ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋದಾಗ ಸ್ತ್ರೀರೋಗ ತಜ್ಞರು ಮೂರು ನಾಲ್ಕು ದಿನಕ್ಕೆಂದು ಬರೆದುಕೊಡುವ ಮಾತ್ರೆ ಬಹುಮಟ್ಟಿಗೆ ಇದೇ. ಹಲ್ಲು ಕೀಳುವಾಗಲೂ ಮೂಗಿನಲ್ಲಿ ರಕ್ತ ನಿಲ್ಲದಿರುವಾಗಲೂ ಇದನ್ನು ಬಳಸುವುದುಂಟು. ದುಬಾರಿಯೂ ಅಲ್ಲ.

ಅದು ಕೆಲಸ ಮಾಡುವ ಬಗೆಯನ್ನು ತಿಳಿದರೆ ಅದರ ಬಲವೂ ಮಿತಿಯೂ ಒಟ್ಟಿಗೆ ಅರ್ಥವಾಗುತ್ತವೆ. ಮಳೆಗಾಲದಲ್ಲಿ ಗದ್ದೆಯ ಬದು ಒಡೆದರೆ ರೈತ ಏನು ಮಾಡುತ್ತಾನೆ? ಹುಲ್ಲಿನ ಹೊರೆಯೊಂದನ್ನು ಅಡ್ಡಲಾಗಿಟ್ಟು ಅದರ ಮೇಲೆ ಮಣ್ಣು ಮೆತ್ತುತ್ತಾನೆ. ರಕ್ತನಾಳ ಹರಿದಾಗ ದೇಹವೂ ಇದನ್ನೇ ಮಾಡುತ್ತದೆ. ರಕ್ತದಲ್ಲಿರುವ ಕಿರುಬಿಲ್ಲೆಗಳು ಮಣ್ಣಿನಂತೆ ಬಂದು ಅಂಟಿಕೊಳ್ಳುತ್ತವೆ. ಫೈಬ್ರಿನ್ ಎಂಬ ಎಳೆಗಳು ಹುಲ್ಲಿನಂತೆ ಹೆಣೆದುಕೊಂಡು ಅವನ್ನು ಹಿಡಿದಿಡುತ್ತವೆ. ಇದೇ ಹೆಪ್ಪು. ಆದರೆ ಹೆಪ್ಪು ಶಾಶ್ವತವಾಗಿ ನಿಂತರೆ ರಕ್ತದ ದಾರಿಯೇ ಮುಚ್ಚಿಹೋಗುತ್ತದೆ. ಆದುದರಿಂದ ಗಾಯ ಮಾಯತೊಡಗಿದಂತೆ ಎಳೆಗಳನ್ನು ಕತ್ತರಿಸಿ ಹೆಪ್ಪನ್ನು ಕರಗಿಸಲು ಪ್ಲಾಸ್ಮಿನ್ ಎಂಬ ಇನ್ನೊಂದು ದ್ರವ್ಯವನ್ನು ದೇಹ ಸಿದ್ಧಗೊಳಿಸಿಕೊಂಡಿರುತ್ತದೆ. ದೊಡ್ಡ ಗಾಯವಾದಾಗ, ದೊಡ್ಡ ಶಸ್ತ್ರಚಿಕಿತ್ಸೆಯಾದಾಗ, ಈ ಪ್ಲಾಸ್ಮಿನ್ ಅವಸರಪಟ್ಟು ಬದು ಗಟ್ಟಿಯಾಗುವ ಮೊದಲೇ ಹುಲ್ಲನ್ನು ಕತ್ತರಿಸತೊಡಗುತ್ತದೆ. ಟ್ರಾನೆಕ್ಸಾಮಿಕ್ ಆಮ್ಲವು ಫೈಬ್ರಿನ್ ಎಳೆಯನ್ನು ಹಿಡಿಯಬೇಕಾದ ಅದರ ಕೈಯನ್ನೇ ಮೊದಲು ಹಿಡಿದುಬಿಡುತ್ತದೆ. ಕೈ ಖಾಲಿಯಿಲ್ಲದ ಮೇಲೆ ಕತ್ತರಿಸುವ ಮಾತೆಲ್ಲಿ?

ಅಂದರೆ ಈ ಮದ್ದು ಹೆಪ್ಪನ್ನು ಹೊಸದಾಗಿ ಕಟ್ಟುವುದಿಲ್ಲ, ಕಟ್ಟಿದ ಹೆಪ್ಪನ್ನು ಕಾಯುತ್ತದೆ ಅಷ್ಟೆ. ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಒಂದು ರಕ್ತನಾಳವೇ ಬಾಯ್ದೆರೆದು ಚಿಮ್ಮುತ್ತಿದ್ದರೆ ಅಲ್ಲಿ ಬೇಕಾದುದು ಶಸ್ತ್ರವೈದ್ಯರ ಹೊಲಿಗೆ ಅಥವಾ ಕ್ಲಿಪ್ಪು. ಎಷ್ಟು ಮಾತ್ರೆ ನುಂಗಿದರೂ ಆ ಕೆಲಸವಾಗದು.

ಈ ಔಷಧದ ಹಿಂದಿನ ಕಥೆ ನಮ್ಮ ಮನೆಗಳಲ್ಲಿ ಹೇಳಿಕೊಳ್ಳಲು ಯೋಗ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಜರ್ಜರಿತವಾಗಿದ್ದ ಜಪಾನಿನಲ್ಲಿ ಊಟಾಕೊ ಓಕಾಮೋಟೊ ಎಂಬ ವೈದ್ಯೆ ತಮ್ಮ ಪತಿ ಶೋಸುಕೆ ಓಕಾಮೋಟೊ ಅವರೊಡನೆ ಸಂಶೋಧನೆಗೆ ತೊಡಗಿದರು. ಹಣವಿಲ್ಲ, ಸಲಕರಣೆಗಳಿಲ್ಲ. ರಕ್ತವನ್ನೇ ವಿಷಯವಾಗಿ ಆರಿಸಿಕೊಂಡದ್ದಕ್ಕೆ ಅವರು ಮುಂದೆ ಕೊಟ್ಟ ಕಾರಣ ಸೊಗಸಾಗಿದೆ. ಬೇರೇನೂ ಸಿಗದಿದ್ದರೆ ತಮ್ಮ ಮೈಯ ರಕ್ತವನ್ನೇ ಬಳಸಬಹುದಲ್ಲ ಎಂಬುದು ಅವರ ಎಣಿಕೆ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಮಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಶಾಲೆಯಲ್ಲಿ ದುಡಿದರು. 1962ರಲ್ಲಿ ಈ ದಂಪತಿಗಳು ಟ್ರಾನೆಕ್ಸಾಮಿಕ್ ಆಮ್ಲವನ್ನು ಜಗತ್ತಿಗೆ ತಿಳಿಸಿದರು. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಇದರಿಂದ ಉಳಿಸಬಹುದೆಂಬುದು ಊಟಾಕೊ ಅವರ ನಂಬಿಕೆ. ಆದರೆ ಅದನ್ನು ಪರೀಕ್ಷಿಸಿ ನೋಡಿರೆಂದು ಕೋಬೆ ನಗರದ ಪ್ರಸೂತಿ ವೈದ್ಯರನ್ನು ಒಪ್ಪಿಸಲು ಅವರಿಂದಾಗಲಿಲ್ಲ.

ಅರ್ಧ ಶತಮಾನ ಕಳೆದ ಮೇಲೆ ಜಗತ್ತು ಕಣ್ಣು ತೆರೆಯಿತು. ಅಪಘಾತದಲ್ಲಿ ಗಾಯಗೊಂಡವರಿಗೆ ಈ ಔಷಧ ಕೊಟ್ಟು ನೋಡಿದ ಪರೀಕ್ಷೆಯಲ್ಲಿ 40 ದೇಶಗಳ 274 ಆಸ್ಪತ್ರೆಗಳ 20,211 ರೋಗಿಗಳಿದ್ದರು. ನಮ್ಮ ದೇಶದವರೂ ಅವರಲ್ಲಿದ್ದರು. 2010ರಲ್ಲಿ ಹೊರಬಂದ ಅದರ ಫಲಿತಾಂಶ ಔಷಧದ ಪರವಾಗಿತ್ತು. ಔಷಧ ಪಡೆಯದವರಲ್ಲಿ ನೂರಕ್ಕೆ 16 ಮಂದಿ ತೀರಿಕೊಂಡರೆ ಪಡೆದವರಲ್ಲಿ 14.5 ಮಂದಿ. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗುತ್ತಿದ್ದ 20,060 ತಾಯಂದಿರ ಮೇಲೆ ನಡೆದ ಪರೀಕ್ಷೆಯ ಫಲ 2017ರ ಏಪ್ರಿಲ್ ತಿಂಗಳಲ್ಲಿ ಪ್ರಕಟವಾಯಿತು. ರಕ್ತಸ್ರಾವದಿಂದಾಗುವ ಸಾವು ಕಡಿಮೆಯಾಗಿತ್ತು. ಊಟಾಕೊ ಅವರ ನಂಬಿಕೆ ನಿಜವಾಗಿತ್ತು, ಆದರೆ ಅದನ್ನು ಕೇಳಲು ಅವರಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 98ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು.

ಈ ಎರಡು ಪರೀಕ್ಷೆಗಳಿಂದ ಹೊರಬಿದ್ದ ಇನ್ನೊಂದು ಸತ್ಯವೂ ಇದೆ, ಮತ್ತು ಅದು ನಮಗೆ ಹೆಚ್ಚು ಬೇಕಾದುದು. ರಕ್ತ ಹರಿಯತೊಡಗಿದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ ಕಂಡುಬಂದಿತು. ಗಾಯಾಳುಗಳಲ್ಲಿ ಮೂರು ಗಂಟೆ ಮೀರಿದ ಮೇಲೆ ಕೊಟ್ಟಾಗ ರಕ್ತಸ್ರಾವದಿಂದ ಸತ್ತವರ ಸಂಖ್ಯೆ ಹೆಚ್ಚಾಗಿಯೇ ಇತ್ತು. ಇದು ಗಾಯಾಳುಗಳ ಮತ್ತು ಬಾಣಂತಿಯರ ಲೆಕ್ಕ, ತೂಕದ ಶಸ್ತ್ರಚಿಕಿತ್ಸೆಯ ಲೆಕ್ಕವಲ್ಲ. ಆದರೂ ಹೊತ್ತು ಮೀರಿದ ಮದ್ದು ಮದ್ದೇ ಅಲ್ಲದೆ ಹೋಗಬಹುದೆಂಬ ಎಚ್ಚರ ಎಲ್ಲರಿಗೂ ಸಲ್ಲುತ್ತದೆ.

ಹೃದಯದ ಹೊರತಾದ ಇತರ ಶಸ್ತ್ರಚಿಕಿತ್ಸೆಗಳಲ್ಲಿ ಹೇಗೆ? 9,535 ರೋಗಿಗಳ ಪರೀಕ್ಷೆಯೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಔಷಧ ಪಡೆಯದವರಲ್ಲಿ ನೂರಕ್ಕೆ 11.7 ಮಂದಿಗೆ ಗಂಭೀರ ರಕ್ತಸ್ರಾವದ ತೊಂದರೆಯಾದರೆ, ಪಡೆದವರಲ್ಲಿ 9.1 ಮಂದಿಗೆ ಆಯಿತು. ತೂಕದ ಶಸ್ತ್ರಚಿಕಿತ್ಸೆಯಲ್ಲಿಯೇ ಇದನ್ನು ಬಳಸಿ ನೋಡಿದವರಲ್ಲಿ ನೆದರ್ಲೆಂಡ್ಸ್ ದೇಶದ ವೈದ್ಯರು ಮುಂಚೂಣಿಯಲ್ಲಿದ್ದಾರೆ. ಶಸ್ತ್ರಚಿಕಿತ್ಸೆಯ ವೇಳೆ ಔಷಧ ಕೊಟ್ಟಾಗ ಕೊಂಡಿ ಹಾಕಿದ ಅಂಚಿನಲ್ಲಿ ರಕ್ತ ಜಿನುಗುವುದು ಕಡಿಮೆಯಾಗುತ್ತದೆಂದು ಅವರ ಅನುಭವ. ಆದರೆ ಈ ಅಧ್ಯಯನಗಳು ಚಿಕ್ಕವು. ರಕ್ತ ಕಡಿಮೆ ಹೋಯಿತೆಂಬುದನ್ನು ಹೇಳಲು ಅಷ್ಟು ಜನ ಸಾಕು. ಅಪರೂಪದ ಅಪಾಯವೊಂದು ಹೆಚ್ಚಿತೇ ಇಲ್ಲವೇ ಎಂದು ಹೇಳಲು ಸಾವಿರಾರು ಜನ ಬೇಕು.

ಆ ಅಪರೂಪದ ಅಪಾಯ ಯಾವುದು? ಇಲ್ಲಿಗೆ ನಾವು ವಿಷಯದ ಗಂಟಿಗೆ ಬಂದೆವು. ಸ್ಥೂಲದೇಹದವರ ರಕ್ತ ಇತರರ ರಕ್ತಕ್ಕಿಂತ ಬೇಗನೆ ಹೆಪ್ಪುಗಟ್ಟುವ ಸ್ವಭಾವದ್ದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅಲುಗಾಡದೆ ಮಲಗಿದಾಗ, ಆಮೇಲೆ ನೋವಿನಿಂದ ಹಾಸಿಗೆಯಲ್ಲಿಯೇ ಉಳಿದಾಗ, ಕಾಲಿನ ಒಳನಾಳಗಳಲ್ಲಿ ಹೆಪ್ಪು ಕಟ್ಟಬಹುದು. ಅದು ಕಳಚಿಕೊಂಡು ರಕ್ತದೊಡನೆ ಸಾಗಿ ಶ್ವಾಸಕೋಶದ ನಾಳವನ್ನು ಮುಚ್ಚಿದರೆ ಕ್ಷಣಗಳಲ್ಲಿ ಪ್ರಾಣಕ್ಕೆ ಸಂಚಕಾರ. ತೂಕದ ಶಸ್ತ್ರಚಿಕಿತ್ಸೆಯ ನಂತರ ಸಂಭವಿಸುವ ವಿರಳ ಸಾವುಗಳಿಗೆ ಮುಖ್ಯ ಕಾರಣಗಳಲ್ಲಿ ಇದೊಂದು. ಆದುದರಿಂದಲೇ ವೈದ್ಯರು ಹೊಕ್ಕುಳಿನ ಪಕ್ಕದಲ್ಲಿಯೋ ತೊಡೆಯಲ್ಲಿಯೋ ಹೆಪಾರಿನ್ ಬಗೆಯ ಚುಚ್ಚುಮದ್ದು ಕೊಡುತ್ತಾರೆ. ಕೆಲವರಿಗೆ ಮನೆಗೆ ಬಂದ ಮೇಲೆಯೂ ಅದನ್ನು ಮುಂದುವರಿಸುವುದುಂಟು.

ಹೆಪ್ಪುಗಟ್ಟದಂತೆ ಮಾಡುವ ವಸ್ತುವಿನ ಪ್ರಭಾವ ಎಂತಹುದೆಂದು ಕೊಡಗಿನವರಿಗೆ ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಕಾಫಿ ತೋಟಕ್ಕೆ ಕಾಲಿಟ್ಟು ಬಂದವರ ಕಾಲನ್ನು ನೋಡಿದರೆ ಸಾಕು. ಜಿಗಣೆ ಕಚ್ಚಿ ಉದುರಿಹೋಗಿ ಗಂಟೆಗಳಾದರೂ ಸಾಸಿವೆಯಷ್ಟು ಗಾಯದಿಂದ ರಕ್ತ ಹರಿಯುತ್ತಲೇ ಇರುತ್ತದೆ. ಸುಣ್ಣ ಹಚ್ಚಿದರೂ ಹೊಗೆಸೊಪ್ಪು ಒತ್ತಿದರೂ ಒಮ್ಮೆಗೇ ನಿಲ್ಲದು. ಜಿಗಣೆಯ ಜೊಲ್ಲಿನಲ್ಲಿರುವ ದ್ರವ್ಯ ಹೆಪ್ಪುಗಟ್ಟುವುದನ್ನು ತಡೆಯುತ್ತದೆಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿದರು. ಅದಕ್ಕೆ ಹಿರುಡಿನ್ ಎಂದು ಹೆಸರು. ಹೆಪಾರಿನ್ ಬೇರೆ ವಸ್ತು, ಬೇರೆ ದಾರಿಯಿಂದ ಕೆಲಸ ಮಾಡುತ್ತದೆ, ಆದರೆ ಫಲ ಆ ಜಾತಿಯದೇ.

ಹಾಗಾದರೆ ನೋಡಿ ವೈದ್ಯರ ಇಕ್ಕಟ್ಟನ್ನು. ಒಬ್ಬರೇ ರೋಗಿಗೆ, ಒಂದೇ ದಿನ, ರಕ್ತ ಹೆಪ್ಪುಗಟ್ಟದಿರಲೆಂದು ಒಂದು ಔಷಧ, ಕಟ್ಟಿದ ಹೆಪ್ಪು ಕರಗದಿರಲೆಂದು ಇನ್ನೊಂದು ಔಷಧ. ಮನೆಯವರಿಗೆ ಇದು ಹುಚ್ಚಾಟದಂತೆ ಕಂಡರೂ ಹುಚ್ಚಾಟವಲ್ಲ. ಎರಡು ಔಷಧಗಳೂ ಹಿಡಿಯುವ ಜಾಗ ಬೇರೆ, ಕೊಡುವ ಹೊತ್ತೂ ಬೇರೆ. ಟ್ರಾನೆಕ್ಸಾಮಿಕ್ ಆಮ್ಲವನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಆರಂಭದಲ್ಲಿಯೋ ನಡುವಿನಲ್ಲಿಯೋ ರಕ್ತನಾಳದ ಮೂಲಕ ಒಂದು ಗ್ರಾಮಿನಷ್ಟು ನಿಧಾನವಾಗಿ ಕೊಡುತ್ತಾರೆ. ಕೆಲವು ಗಂಟೆಗಳಲ್ಲಿ ಅದರ ಬಹುಭಾಗ ಮೂತ್ರದಲ್ಲಿ ಹೊರಹೋಗುತ್ತದೆ. ರಕ್ತ ಜಿನುಗುವ ಭಯವಿರುವ ಆ ಹೊತ್ತಿಗೆ ಅದು ಕಾವಲು ನಿಲ್ಲುತ್ತದೆ, ಆಮೇಲಿನ ದಿನಗಳಲ್ಲಿ ಹೆಪಾರಿನ್ ತನ್ನ ಕೆಲಸ ಮಾಡುತ್ತದೆ. ಕೆಲವು ಶಸ್ತ್ರವೈದ್ಯರು ಎಲ್ಲರಿಗೂ ಮುಂಚಿತವಾಗಿ ಕೊಡುತ್ತಾರೆ, ಕೆಲವರು ರಕ್ತಸ್ರಾವ ಕಂಡಾಗ ಮಾತ್ರ, ಇನ್ನು ಕೆಲವರು ಅಂಚನ್ನು ಮತ್ತೊಮ್ಮೆ ಹೊಲಿಯುವುದನ್ನೇ ಹೆಚ್ಚು ನಂಬುತ್ತಾರೆ. ಮೂವರಲ್ಲಿ ಯಾರೂ ಅಜ್ಞಾನಿಗಳಲ್ಲ.

ಜಠರ ಕರುಳುಗಳ ಒಳಗೆ ರಕ್ತ ಸೋರುವಾಗ ಈ ಔಷಧ ಎಲ್ಲ ಕಡೆಯೂ ಗೆಲ್ಲುತ್ತದೆಂದೂ ತಿಳಿಯಬೇಕಾಗಿಲ್ಲ. ಹುಣ್ಣು ಮುಂತಾದ ಕಾರಣಗಳಿಂದ ಜೀರ್ಣಾಂಗಗಳಲ್ಲಿ ರಕ್ತಸ್ರಾವವಾಗಿದ್ದ 12,009 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೆಚ್ಚು ಪ್ರಮಾಣದ ಔಷಧವನ್ನು ಇಡೀ ದಿನ ಕೊಟ್ಟರೂ ಸಾವು ಕಡಿಮೆಯಾಗಲಿಲ್ಲ. ಬದಲಿಗೆ ಕಾಲಿನ ಮತ್ತು ಶ್ವಾಸಕೋಶದ ಹೆಪ್ಪಿನ ತೊಂದರೆ ನೂರಕ್ಕೆ 0.4 ಇದ್ದದ್ದು 0.8 ಆಯಿತು. ಒಳ್ಳೆಯ ಮದ್ದೆಂದು ಹೆಸರು ಪಡೆದುದನ್ನು ಕಂಡಕಂಡಲ್ಲಿ ಸುರಿಯುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಈಗ ಮನೆಯವರ ಪಾಲಿನ ಕೆಲಸಕ್ಕೆ ಬರೋಣ. ವೈದ್ಯರು ತೂಗಿ ನೋಡಬೇಕಾದರೆ ತಕ್ಕಡಿಗೆ ಹಾಕಬೇಕಾದ ವಿವರಗಳನ್ನು ನಾವು ಒದಗಿಸಬೇಕು. ಹಿಂದೆಂದಾದರೂ ಕಾಲು ಊದಿ ರಕ್ತ ಹೆಪ್ಪುಗಟ್ಟಿದ್ದರೆ, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದರೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಕೇಳುವ ಮೊದಲೇ ಹೇಳಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಔಷಧದ ಪ್ರಮಾಣ ತಗ್ಗಿಸಬೇಕಾಗುತ್ತದೆ. ಅಪಸ್ಮಾರವಿದ್ದರೂ ಮುಚ್ಚಿಡಬಾರದು. ಈ ಔಷಧ ಅತಿ ಪ್ರಮಾಣದಲ್ಲಿ ಮೈಗೆ ಸೇರಿದರೆ ಸೆಳವು ಬರಬಹುದು. ಮನೆಯಲ್ಲಿ ಮಗಳ ಮದುವೆಯ ಮಾತುಕತೆ ನಡೆಯುತ್ತಿದೆಯೆಂದು ತಾಯಿಯ ಅಪಸ್ಮಾರವನ್ನು ವೈದ್ಯರಿಂದಲೂ ಬಚ್ಚಿಡುವವರನ್ನು ನಾವು ಬಲ್ಲೆವು. ಆಸ್ಪತ್ರೆಯ ಕೊಠಡಿ ನೆಂಟರ ಪಡಸಾಲೆಯಲ್ಲ.

ರಕ್ತವನ್ನು ತೆಳುಗೊಳಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ನಮ್ಮ ಹಿರಿಯರಲ್ಲಿ ಅನೇಕರು ನುಂಗುತ್ತಾರೆ. ಶಸ್ತ್ರಚಿಕಿತ್ಸೆ ಹತ್ತಿರ ಬಂತೆಂದು ಅವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ, ಹೇಳದೆ ಮುಂದುವರಿಸುವುದೂ ಅಪಾಯ. ಹೃದಯ ವೈದ್ಯರೂ ಶಸ್ತ್ರವೈದ್ಯರೂ ಒಟ್ಟಾಗಿ ನಿರ್ಧರಿಸಬೇಕಾದ ವಿಷಯವದು. ಮೊಣಕಾಲು ನೋವಿಗೆಂದು ಔಷಧದಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಅವುಗಳಲ್ಲಿ ಬಹಳಷ್ಟು ಜಠರದಲ್ಲಿ ಹುಣ್ಣು ಮಾಡುತ್ತವೆ, ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಸಂತಾನ ನಿಯಂತ್ರಣದ ಹಾರ್ಮೋನು ಮಾತ್ರೆಗಳು ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುವುದರಿಂದ ಅವುಗಳ ಜೊತೆ ಟ್ರಾನೆಕ್ಸಾಮಿಕ್ ಆಮ್ಲ ಸಲ್ಲದು. ಗೃಹಪ್ರವೇಶಕ್ಕೋ ಜಾತ್ರೆಗೋ ಅಡ್ಡಿಯಾಗದಿರಲೆಂದು ಮುಟ್ಟನ್ನು ಮುಂದೂಡಲು ನುಂಗುವ ಮಾತ್ರೆಯೂ ಹಾರ್ಮೋನೇ ಎಂಬುದನ್ನು ಹೇಳಬೇಕಾಗಿದೆ. ಸೂತಕಗಳನ್ನೇ ಅಲ್ಲಗಳೆದ ಪರಂಪರೆಯ ಮನೆಗಳಲ್ಲಿ ಆ ಮಾತ್ರೆಯ ಅಗತ್ಯವಾದರೂ ಏಕೆ ಬಿತ್ತೆಂಬುದು ಬೇರೆ ಪ್ರಶ್ನೆ.

ತೂಕ ಇಳಿಸುವ ಪುಡಿ, ಕ್ಯಾಪ್ಸೂಲುಗಳನ್ನು ತಿನ್ನುತ್ತಿದ್ದರೆ ಅದನ್ನೂ ಹೇಳಬೇಕು. ಕೊಡಗಿನ ಅಡುಗೆಮನೆಯ ಕಾಚಂಪುಳಿ ಬರುವ ಹಣ್ಣಿನಿಂದಲೇ ತೆಗೆದ ಸಾರವನ್ನು ಗಾರ್ಸೀನಿಯಾ ಎಂಬ ಹೆಸರಿನಿಂದ ಲೋಕವೆಲ್ಲ ಮಾರುತ್ತಾರೆ. ಅಮೆರಿಕದಲ್ಲಿ 135 ಮಂದಿಗೆ 12 ವಾರ ಕೊಟ್ಟು ನೋಡಿದ ಪರೀಕ್ಷೆಯ ಫಲ 1998ರಲ್ಲಿಯೇ ಪ್ರಕಟವಾಗಿದೆ. ಹುಸಿ ಮಾತ್ರೆ ತಿಂದವರಿಗಿಂತ ಇದನ್ನು ತಿಂದವರ ತೂಕ ಹೆಚ್ಚು ಇಳಿಯಲಿಲ್ಲ. ಇಂತಹ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳಲ್ಲಿ ಹೆಚ್ಚಿನವು ತಯಾರಾಗುವುದು ಯಕೃತ್ತಿನಲ್ಲಿ. ಸಾರಿಗೆ ಹುಳಿ ಹಿಂಡಲು ಕಾಚಂಪುಳಿ ಉತ್ತಮ ವಸ್ತು, ಅಲ್ಲಿಗೇ ಅದನ್ನು ಬಿಡುವುದು ಲೇಸು.

ಇನ್ನೊಂದು ಮುಖ್ಯ ಸಂಗತಿ ರಕ್ತಹೀನತೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಕರ್ನಾಟಕದ ಸ್ತ್ರೀಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಮೈ ತುಂಬಿಕೊಂಡವರಿಗೆ ರಕ್ತ ಕಡಿಮೆ ಹೇಗಿದ್ದೀತು ಎಂಬುದು ಬರಿಯ ಭ್ರಮೆ. ಸಸ್ಯಾಹಾರದಲ್ಲಿರುವ ಕಬ್ಬಿಣವನ್ನು ದೇಹ ಕಡಿಮೆ ಹೀರಿಕೊಳ್ಳುತ್ತದೆ, ಊಟದ ಬೆನ್ನಿಗೇ ಕುಡಿಯುವ ಕಾಫಿ ಟೀಗಳು ಅದನ್ನೂ ತಡೆಯುತ್ತವೆ. ಹಿಮೋಗ್ಲೋಬಿನ್ 12 ಇರುವವರು ತಾಳಿಕೊಳ್ಳುವ ರಕ್ತಸ್ರಾವವನ್ನು 8 ಇರುವವರು ತಾಳಲಾರರು. ಶಸ್ತ್ರಚಿಕಿತ್ಸೆಗೆ ಒಂದೆರಡು ತಿಂಗಳು ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣಾಂಶ, ಬಿ 12 ಜೀವಸತ್ವಗಳ ಕೊರತೆಯನ್ನು ತುಂಬಿಕೊಳ್ಳುವುದು ಯಾವ ಔಷಧಕ್ಕೂ ಕಡಿಮೆಯಲ್ಲದ ಸಿದ್ಧತೆ.

ಕೊನೆಯದಾಗಿ ದೂರದ ಮಾತು. ಇಂತಹ ಶಸ್ತ್ರಚಿಕಿತ್ಸೆಗೆ ಕೊಡಗಿನವರು ಸಾಮಾನ್ಯವಾಗಿ ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ದಾರಿ ಸುಗಮವಾಗಿದ್ದರೂ ಮೂರು ಗಂಟೆಯ ಪ್ರಯಾಣವೆಂದೇ ಎಣಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿಯಿಂದ ಸಂಪಾಜೆಯ ಕಡೆಗಿನ ಮಂಗಳೂರು ರಸ್ತೆಯೇ ಕಡಿದುಹೋದುದನ್ನು ಯಾರು ಮರೆತಾರು? 2019ರ ಜೂನ್‌ನಲ್ಲಿ ಕೊಡಗಿಗೊಂದು ಸುಸಜ್ಜಿತ ತುರ್ತುಚಿಕಿತ್ಸಾ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯ ಗಡಿ ದಾಟಿ ಎಲ್ಲೆಡೆ ಕೇಳಿಬಂದದ್ದು ಸುಮ್ಮನೆ ಅಲ್ಲ. ಆದುದರಿಂದ ತುರ್ತಿಲ್ಲದ ಈ ಶಸ್ತ್ರಚಿಕಿತ್ಸೆಯನ್ನು ಮಳೆಗಾಲದ ನಡುವೆ ಇಟ್ಟುಕೊಳ್ಳದಿರುವುದು ವಿವೇಕ. ಕಾಫಿ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಬೇಕಾದಷ್ಟು ಬಿಡುವಿರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಕೂಡಲೇ ಊರಿಗೆ ಹೊರಡದೆ ಆ ನಗರದಲ್ಲಿಯೇ ನೆಂಟರ ಮನೆಯಲ್ಲಿಯೋ ವಸತಿಗೃಹದಲ್ಲಿಯೋ ಕೆಲವು ದಿನ ಉಳಿದು, ಒಮ್ಮೆ ತೋರಿಸಿಕೊಂಡು ಬರುವುದು ಮತ್ತೂ ಒಳ್ಳೆಯದು. ಎರಡು ದಿನದ ಬಾಡಿಗೆ ಉಳಿಸಲು ಹೋಗಿ ರಾತ್ರಿಯ ಹೊತ್ತು ರೋಗಿಯನ್ನು ಮತ್ತೆ ಘಾಟಿ ಇಳಿಸುವುದು ಯಾವ ಲೆಕ್ಕದಲ್ಲಿಯೂ ಉಳಿತಾಯವಲ್ಲ. ಹಿಂದಿರುಗುವಾಗ ಹುಣಸೂರಿನಲ್ಲಿ, ಪಿರಿಯಾಪಟ್ಟಣದಲ್ಲಿ, ಕುಶಾಲನಗರದಲ್ಲಿ ಕಾರು ನಿಲ್ಲಿಸಿ ರೋಗಿಯನ್ನು ಇಳಿಸಿ ಹತ್ತು ಹೆಜ್ಜೆ ನಡೆಸಬೇಕು. ಕಾಲಿನಲ್ಲಿ ಹೆಪ್ಪು ಕಟ್ಟದಿರಲು ನಡಿಗೆಯೂ ಒಂದು ಮದ್ದೇ.

ಮನೆಗೆ ಬಂದ ಮೇಲೆ ತಲೆ ಸುತ್ತಿ ಎದ್ದು ನಿಲ್ಲಲಾಗದಿದ್ದರೆ, ಮೈ ಬೆವತು ತಣ್ಣಗಾದರೆ, ಸುಮ್ಮನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ ನೂರಕ್ಕಿಂತ ಹೆಚ್ಚಾಗಿಯೇ ಓಡುತ್ತಿದ್ದರೆ, ರಕ್ತವಾಂತಿಯಾದರೆ, ಮಲ ಡಾಮರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ ಅದು ರಕ್ತಸ್ರಾವದ ಲಕ್ಷಣವೆಂದೇ ತಿಳಿಯಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಉಳಿದ ಲಕ್ಷಣಗಳು ಜೊತೆಗಿರುವುದಿಲ್ಲ. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆ ನುಂಗುವವರಲ್ಲಿ ರಕ್ತ ಹೋಗುತ್ತಿದ್ದರೂ ನಾಡಿ ಏರದಿರಬಹುದು. ಕಾಲಿನ ಮೀನಖಂಡ ಊದಿ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಉಸಿರು ಸಾಲದೆ ಎದೆ ನೋವು ಬಂದರೆ, ಅದು ಇನ್ನೊಂದು ಬದಿಯ ಅಪಾಯ, ಹೆಪ್ಪಿನದು. ಎರಡರಲ್ಲಿ ಯಾವುದೆಂದು ಮನೆಯಲ್ಲಿ ಕುಳಿತು ತೀರ್ಮಾನಿಸುವ ಗೋಜಿಗೆ ಹೋಗದೆ 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಮೊದಲು ಸೇರಿಸಬೇಕು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದೆ, ಅಲ್ಲಿ ರಕ್ತನಿಧಿಯೂ ಇದೆ. ಮೊದಲು ನೀರು, ರಕ್ತ ಕೊಟ್ಟು ರೋಗಿಯನ್ನು ಸ್ಥಿರಗೊಳಿಸಿ ಆಮೇಲೆ ಮುಂದಿನ ಊರಿಗೆ ಕಳಿಸುವುದೇ ಸರಿಯಾದ ಕ್ರಮ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ದಾರಿಯಿಂದಲೇ ದೂರವಾಣಿ ಮಾಡಬಹುದು.

ಇಂತಹ ಸಂದರ್ಭದಲ್ಲಿಯೇ ಮನೆಯ ಕಪಾಟಿನಲ್ಲಿ ಎಂದೋ ಉಳಿದ ಮುಟ್ಟಿನ ಮಾತ್ರೆಯ ಹಾಳೆ ಯಾರದಾದರೂ ಕಣ್ಣಿಗೆ ಬೀಳುತ್ತದೆ. "ರಕ್ತ ನಿಲ್ಲಿಸುವ ಮಾತ್ರೆಯೇ ಅಲ್ಲವೇ, ಎರಡು ಕೊಟ್ಟು ಬೆಳಗಿನವರೆಗೆ ನೋಡೋಣ" ಎಂಬ ಸಲಹೆ ಬರುತ್ತದೆ. ಸಲಹೆ ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಕೊಂಡಿ ಸಡಿಲಿದ ಜಾಗವನ್ನು ಮಾತ್ರೆ ಮುಚ್ಚದು, ಕಾಲಿನಲ್ಲಿ ಅಡಗಿದ ಹೆಪ್ಪೊಂದಿದ್ದರೆ ಅದನ್ನೂ ಕರಗಗೊಡದು. ಬೆಳಗಿನವರೆಗೆ ಕಾಯುವ ಆ ಆರೇಳು ಗಂಟೆಗಳೇ ರೋಗಿಗೆ ಉಳಿದಿದ್ದ ಸಮಯವಾಗಿರಬಹುದು. ಆ ಹಾಳೆಯನ್ನು ವೈದ್ಯರ ಚೀಟಿಯಿಲ್ಲದೆ ಯಾರಿಗೂ ಕೊಡಬಾರದು.

ಬಿಡುಗಡೆಯ ದಿನ ಆಸ್ಪತ್ರೆಯವರು ಕೊಡುವ ಸಾರಾಂಶ ಪತ್ರದಲ್ಲಿ ಎಲ್ಲವೂ ಇರುತ್ತದೆ, ಆದರೆ ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರುವುದೇ ಹೆಚ್ಚು. ಅದರ ಬದಲು ಅಂಗೈಯಗಲದ ಚೀಟಿಯೊಂದರಲ್ಲಿ ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ, ರಕ್ತದ ಗುಂಪು, ಬಿಡುಗಡೆಯ ದಿನದ ಹಿಮೋಗ್ಲೋಬಿನ್, ಶಸ್ತ್ರಚಿಕಿತ್ಸೆಯ ವೇಳೆ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟಿದ್ದಾರೆಯೆ ಇಲ್ಲವೆ, ಹೆಪಾರಿನ್ ಚುಚ್ಚುಮದ್ದು ಯಾವ ದಿನದವರೆಗೆ, ಶಸ್ತ್ರವೈದ್ಯರ ದೂರವಾಣಿ ಸಂಖ್ಯೆ ಇಷ್ಟನ್ನು ಬರೆಸಿಕೊಂಡು ರೋಗಿಯ ಕೈಚೀಲದಲ್ಲಿ ಒಂದು, ಮನೆಯ ಕ್ಯಾಲೆಂಡರಿನ ಮೊಳೆಗೆ ಒಂದು ಸಿಕ್ಕಿಸಿಡಬೇಕು. ರಾತ್ರಿ ಎರಡು ಗಂಟೆಗೆ ಮಡಿಕೇರಿಯಲ್ಲಿ ಕರ್ತವ್ಯದಲ್ಲಿರುವ ವೈದ್ಯರು ಮೊದಲು ಕೇಳುವುದು ಈ ವಿವರಗಳನ್ನೇ.